ಹಣೆಯ ಮೂರನೆಯ ಗೆರೆ

ಶಿವಗಂಗಮ್ಮನವರು ಹಾಸನದ ಆಸ್ಪತ್ರೆಯಲ್ಲಿ ಲಿಂಗೈಕ್ಯರಾದ ಸುದ್ದಿ ಅರಕಲಗೂಡಿನ ಹತ್ತಿರದ ಅವರ ಹಳ್ಳಿಗೆ ಮುಟ್ಟಿದ್ದು ಬೆಳಿಗ್ಗೆ. ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಸಂಗತಿ ತಿಳಿಯಿತು: ಮನೆಯಲ್ಲಿ ಅವರದೊಂದೂ ಫೋಟೊ ಇಲ್ಲ. ಆಧಾರ್ ಕಾರ್ಡಿನ ಮುಖವನ್ನು ಪತಿ ಪಾಲಾಕ್ಷಯ್ಯನವರೇ ಗುರುತಿಸಲಾರದೆ ಹೋದರು. ಕೊನೆಗೆ ಶಿವಗಂಗಮ್ಮನವರ ತಂಗಿಯ ಮಗಳು ದಿವ್ಯಾಳ ಮೊಬೈಲಿನಲ್ಲಿ ಒಂದು ಸಿಕ್ಕಿತು. ಆಲೂಗಡ್ಡೆ ಕೀಳುವ ದಿನ, ಸುಡುಬಿಸಿಲಿನಲ್ಲಿ ತೆಗೆದದ್ದು. ಹಿಂದೆ ಬೆಳ್ಳಗಿನ ಆಕಾಶ, ತಲೆಯ ಮೇಲೆ ಸೆರಗು, ಸೆರಗಿನ ಕೆಳಗೆ ಮುಖವಿರಬೇಕಾದಲ್ಲಿ ಬರೀ ಕಪ್ಪು.

ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಬಂದವರು ಹೂವಿಟ್ಟು ಕೈಮುಗಿಯುವುದು ಫೋಟೊಗೆ. ಅದಕ್ಕೆ ಎರಡು ದಿನವಿರುವಾಗ ಪಾಲಾಕ್ಷಯ್ಯ ದಿವ್ಯಾಳನ್ನು ಕರೆದುಕೊಂಡು ಅರಕಲಗೂಡಿನ ಸ್ಟುಡಿಯೋಗೆ ಹೋದರು.

ಸ್ಟುಡಿಯೋ ನಡೆಸುವ ಶೋಭಿತಾ ವಾಡಿಕೆಯಂತೆ ಕೇಳಿದಳು: ಮುಖ ಬೆಳ್ಳಗೆ ಮಾಡಬೇಕೇ, ರೇಷ್ಮೆ ಸೀರೆ ಉಡಿಸಬೇಕೇ. ಹೋದ ವಾರ ಒಬ್ಬರು ತಮ್ಮ ತಂದೆಗೆ ಕೋಟು ಟೈ ಹಾಕಿಸಿಕೊಂಡು ಹೋದರಂತೆ. ಆ ಪುಣ್ಯಾತ್ಮ ಬದುಕಿದ್ದಾಗ ಅಂಗಿಯ ಗುಂಡಿಯನ್ನೂ ಹಾಕಿದವನಲ್ಲವಂತೆ.

“ಬೆಳ್ಳಗೆ ಮಾಡಬ್ಯಾಡ ಕಣಮ್ಮ,” ಎಂದರು ಪಾಲಾಕ್ಷಯ್ಯ. “ಅವಳು ಕಪ್ಪು. ಕಪ್ಪಗೇ ಇರ್ಲಿ, ಕಾಣಂಗಿರ್ಲಿ.”

ಶೋಭಿತಾ ಒಮ್ಮೆ ಅವರ ಮುಖ ನೋಡಿ, ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡಳು. ಚಿತ್ರವನ್ನೆಲ್ಲ ಒಟ್ಟಿಗೆ ಬೆಳಗಿಸಿದರೆ ಆಕಾಶವೂ ಹೊಲವೂ ಸುಣ್ಣವಾಗಿಬಿಡುತ್ತದೆಂದು ಹೇಳಿ, ಸೆರಗಿನಂಚು ಹಿಡಿದು ಮುಖವನ್ನಷ್ಟೇ ಬೇರ್ಪಡಿಸಿದಳು. ಆಮೇಲೆ ಆ ಕತ್ತಲೆಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿಳಿ ಮಾಡುತ್ತ ಹೋದಳು. ಕೆಸರು ತಳಕ್ಕಿಳಿದ ಮೇಲೆ ಕೊಳದ ನೀರು ತಿಳಿಯಾಗುವಂತೆ ಮೊದಲು ಮೂಗುಬೊಟ್ಟು, ಆಮೇಲೆ ಕೆನ್ನೆಯ ಮೂಳೆ, ಆಮೇಲೆ ಬಿಸಿಲಿಗೆ ಕಿರಿದು ಮಾಡಿದ ಎರಡು ಕಣ್ಣು. ಊಟದ ಹೊತ್ತು ಮೀರಿದರೂ ಅವಳು ಏಳಲಿಲ್ಲ.

ಹಣೆಯ ಮೇಲೆ ಮಾಸಲು ಬಿಳಿಪು ಕಂಡಿತು. ಸೆರಗಿನ ಸಂದಿಯಲ್ಲಿ ನುಸುಳಿದ ಬಿಸಿಲಿನ ಕಲೆ ಎಂದುಕೊಂಡು ಶೋಭಿತಾ ಅದನ್ನು ಒರೆಸಿದಳು. ಹಣೆ ನುಣ್ಣಗಾಯಿತು. ಪಾಲಾಕ್ಷಯ್ಯ ಎದ್ದು ನಿಂತುಬಿಟ್ಟರು.

“ಈಗ ಇವಳು ಯಾರೋ,” ಎಂದರು. “ಬರೀ ಹಣೇಲಿ ಹೊಸಿಲು ದಾಟಿದೋಳಲ್ಲ ಅವಳು. ಅದು ವಿಭೂತಿ ಕಣಮ್ಮ.”

ಶೋಭಿತಾ ನಾಲಿಗೆ ಕಚ್ಚಿಕೊಂಡು ಒರೆಸಿದ್ದನ್ನು ಮರಳಿ ತಂದಳು. ಹಣೆಯನ್ನು ದೊಡ್ಡದು ಮಾಡಿ, ಗೆರೆಗಳು ತಾವಾಗಿಯೇ ತೋರುವವರೆಗೆ ಸುತ್ತಲಿನ ಕಪ್ಪನ್ನು ಸ್ವಲ್ಪ ಸ್ವಲ್ಪವಾಗಿ ತಗ್ಗಿಸಿದಳು. ಮೇಲಿನ ಎರಡು ಗೆರೆ ಹಣೆಯಗಲಕ್ಕೂ ಇದ್ದವು. ಮೂರನೆಯದು ಅರ್ಧಕ್ಕೇ ಮಾಯವಾಗಿತ್ತು.

“ಇದನ್ನೂ ಪೂರ್ತಿ ಎಳೆದುಬಿಡ್ಲಾ ತಾತ? ಒಂದು ನಿಮಿಷದ ಕೆಲಸ.”

“ಮುಟ್ಟಬ್ಯಾಡ ತಾಯಿ. ಕುಡುಗೋಲು ತಗುಲಿ ಅವಳ ಉಂಗುರದ ಬೆರಳು ಮಡಚಿಕೊಂಡೇ ಇತ್ತು. ನಲವತ್ತು ವರ್ಷ ಆ ಗೆರೆ ಅಷ್ಟೇ ಬಂದಿದ್ದು.” ಪರದೆಯ ಮೇಲಿನ ಮುಖದತ್ತ ಬೆರಳು ತೋರಿಸಿ ಹೇಳಿದರು, “ಇವಳೇ ಕಣವ್ವ.”

ಶೋಭಿತಾ ಆ ಅರ್ಧ ಗೆರೆಯನ್ನು ಹಾಗೆಯೇ ಬಿಟ್ಟಳು. ಪ್ರಿಂಟು ಕೈಗೆ ಬಂದಾಗ ಪಾಲಾಕ್ಷಯ್ಯ ಅದನ್ನು ದಿವ್ಯಾಳಿಗೆ ಕೊಟ್ಟು, ಶೋಭಿತಾಳಿಗೆ ಎರಡೂ ಕೈ ಎತ್ತಿ ಮುಗಿದರು. ಅವಳು ಗಾಬರಿಯಾಗಿ ಹಿಂದೆ ಸರಿದಳು. ಅವರು ಮತ್ತೆ ಫೋಟೊ ತೆಗೆದುಕೊಂಡು, ಹೊಲದ ನಡುವೆ ನಿಂತ ಹೆಂಡತಿಯನ್ನು ಬಹಳ ಹೊತ್ತು ನೋಡಿದರು.

“ಶಿವನೇ,” ಎಂದರು ಮೆಲ್ಲಗೆ, “ನಮ್ಮನೇಲಿ ಇವಳು ಒಂದಿನ ಕೂತು ಉಂಡೋಳಲ್ಲ. ನಿನ್ನ ಹತ್ರ ಕೂರಿಸ್ಕೋ.”