ಮೈನಸ್ಸಿನ ಗೆರೆ

ನವೆಂಬರಿನ ಒಂದು ಮಂಗಳವಾರ ಮಧ್ಯಾಹ್ನ ಮೂರರ ಹೊತ್ತಿಗೆ, ಊರ ಕಾಲುವೆಯ ನೀರೆತ್ತಿ ಹೊರಹಾಕುವ ಪಂಪ್‌ಮನೆಯ ಎರಡೂ ಪಂಪುಗಳು ನಿಂತುಹೋದವು. ಮನೆಯ ಕಂಪ್ಯೂಟರಿಗೆ ಹೊಸ ವ್ಯವಸ್ಥೆ ಹಾಕಲೆಂದು ತಂದ ಪೆನ್‌ಡ್ರೈವನ್ನು, ಪಂಪು ನೋಡಿಕೊಳ್ಳುವ ವೀಬೆ ಇಲ್ಲಿಯ ಕಂಪ್ಯೂಟರಿಗೆ ಚುಚ್ಚಿ ಮರೆತಿದ್ದ. ಕಂಪ್ಯೂಟರ್ ಮತ್ತೆ ಶುರುವಾದಾಗ ಅದು ಪಂಪು ನಡೆಸುವ ವ್ಯವಸ್ಥೆಯನ್ನು ಅಳಿಸಿ ಆ ಜಾಗದಲ್ಲಿ ತಾನೇ ಕೂತುಬಿಟ್ಟಿತ್ತು. ಹೊರಗೆ ಕಾಲುವೆಯ ನೀರು ಅವನ ತಂಗಿಯ ಕುರಿಕೊಟ್ಟಿಗೆಯ ಹೊಸಿಲು ಮುಟ್ಟಿತ್ತು.

ಹಳೆಯ ಡಿಸ್ಕಿನಿಂದ ಮೊದಲಿನ ವ್ಯವಸ್ಥೆ ಮರಳಿತು, ಆದರೆ ಆಗತಾನೇ ಹುಟ್ಟಿದ ಕೂಸಿನಂತೆ ಏನೂ ನೆನಪಿಲ್ಲದೆ. ನೀರು ಸಮುದ್ರಮಟ್ಟದ ಲೆಕ್ಕದಲ್ಲಿ ಎಷ್ಟು ಸೆಂಟಿಮೀಟರಿಗೇರಿದರೆ ಪಂಪು ಓಡಬೇಕು ಎಂದು ಕೇಳಿತು. ಊರ ಮಕ್ಕಳಿಗೂ ಗೊತ್ತಿದ್ದ ಲೆಕ್ಕ. ನೂರೈವತ್ತೆರಡು ಎಂದು ಬರೆದು, ವೀಬೆ ಬೆರಳನ್ನು ಎಂಟರ್ ಗುಂಡಿಯ ಮೇಲಿಟ್ಟ.

"ತಡಿಯೋ!" ಪಂಪಿನ ಸದ್ದು ನಿಂತದ್ದಕ್ಕೇ ಸೈಕಲ್ ತುಳಿದು ಬಂದಿದ್ದ ಮುದುಕ ಡೌವೆ ಅವನ ಬೆನ್ನ ಹಿಂದಿನಿಂದ ಕೂಗಿದ. ವೀಬೆಗಿಂತ ಮೊದಲು ಪಂಪು ನೋಡಿಕೊಳ್ಳುತ್ತಿದ್ದವನು ಅವನೇ. "ಮುಂದೆ ಮೈನಸ್ ಎಲ್ಲೋ? ನಾವು ಸಮುದ್ರಕ್ಕಿಂತ ಕೆಳಗಿರೋರು ಕಣೋ! ಹಿಂಗೇ ಒತ್ತಿದ್ರೆ ಕಿಟಕಿ ಮುಳುಗೋವರ್ಗೂ ಅದು ಸುಮ್ನೆ ಕಾಯ್ತದೆ."

"ಎಲ್ರೂ ಬರೀ ನೂರೈವತ್ತೆರಡು ಅಂತಾರಲ್ಲಜ್ಜ..."

"ಬಾಯಲ್ಲಿ ಅಂತಾರೆ. ಮೆಷಿನ್ನೇನು ನಮ್ಮೂರಲ್ಲಿ ಹುಟ್ಟಿದ್ದಾ?"

ವೀಬೆ ಗೆರೆ ಹಾಕಿ ಒತ್ತಿದ. ಎರಡೂ ಪಂಪುಗಳು ಕೆಮ್ಮಿ ಓಡತೊಡಗಿದವು.  ಯಾರೂ ಬೈಯಲಿಲ್ಲ. ಆದರೂ ಶುಕ್ರವಾರ, "ಒಂದು ಗೆರೆಗೆ ಊರೇ ಮುಳುಗ್ತಿತ್ತಲ್ಲಜ್ಜ" ಎಂದು ಅವನೇ ಪಂಪ್‌ಮನೆಯ ಕೀಲಿಕೈಯನ್ನು ಡೌವೆಗೆ ಕೊಟ್ಟು ಊರು ಬಿಟ್ಟ.