ಮೈಕು ಕೂತ ಕುರ್ಚಿ

“ಸ್ವಲ್ಪ ಏಳ್ತೀಯಾ? ಆ ಜಾಗ ಬೇಕಿತ್ತು” ಎಂದರು ಇನ್ಸ್‌ಪೆಕ್ಟರು. ಅವರ ಒಂದು ಕೈಯಲ್ಲಿ ಮೂರು ಕಾಲಿನ ಸ್ಟ್ಯಾಂಡು, ಇನ್ನೊಂದರಲ್ಲಿ ಬೆರಳ ಗಾತ್ರದ ಮೈಕು. ಹೆಂಡತಿ ಎದ್ದು ನಿಂತಳು. ಎರಡು ಸ್ಪೀಕರುಗಳಿಗೂ ಸಮದೂರದಲ್ಲಿ, ನೆಲಕ್ಕೆ ಟೇಪು ಹಿಡಿದು ಗುರುತು ಹಾಕಿ ಇಟ್ಟ ಆ ಕುರ್ಚಿಯಲ್ಲಿ ಮೂರು ವಾರದಿಂದ ದಿನಾ ಸಂಜೆ ಕೂರುತ್ತಿದ್ದವಳು ಅವಳು. ಗಂಡ ಈಗ ಅದರ ಮೇಲೆ ಸ್ಟ್ಯಾಂಡು ನಿಲ್ಲಿಸಿ, ಮೈಕು ಸರಿಯಾಗಿ ಅವಳ ಕಿವಿಯ ಎತ್ತರಕ್ಕೆ ಬರುವ ಹಾಗೆ ಸ್ಕ್ರೂ ಬಿಗಿ ಮಾಡಿದರು. ನಿನ್ನೆ ಅವಳು ಕೂತಿದ್ದಾಗಲೇ ಅಳತೆ ತೆಗೆದುಕೊಂಡಿದ್ದರು. ಯಾಕೆ ಅಂತ ಅವಳಿಗೆ ಗೊತ್ತಾಗಿರಲಿಲ್ಲ.

ಅಂಗಡಿಗಳ ತಕ್ಕಡಿ ತಪಾಸಣೆ ಮಾಡುವುದು ಅವರ ನೌಕರಿ. ಅಂಗಡಿಯವನು ತಾಯಾಣೆ ಹಾಕಿದರೂ ಬಡಪೆಟ್ಟಿಗೆ ನಂಬುವ ಆಸಾಮಿಯಲ್ಲ. ಮುಳ್ಳು ಎಲ್ಲಿ ನಿಂತಿತೋ ಅದೇ ಸತ್ಯ. ಮನೆಯಲ್ಲೂ ಅದೇ ಕಾನೂನು. ಹೆಂಡತಿ “ಯಪ್ಪಾ, ಸೆಕೆ” ಎಂದರೆ ಗೋಡೆಯ ಥರ್ಮಾಮೀಟರು ನೋಡಿ ಬಂದು “ಅಷ್ಟೇನಿಲ್ಲ” ಎನ್ನುತ್ತಿದ್ದರು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಒಂದು ಪರದೆಯ ಬಣ್ಣಕ್ಕೂ ಅವಳ ಅಭಿಪ್ರಾಯ ಕೇಳಿದವರಲ್ಲ. ಕೆಟ್ಟವರು ಅಂತಲ್ಲ, ಪಾಪ. ಕೇಳಬೇಕು ಅಂತ ಹೊಳೆದಿರಲಿಲ್ಲ, ಅಷ್ಟೆ.

ಹೊಳೆದದ್ದು ಹೊಸ ಸ್ಟ್ರೀಮರು ಬಂದ ಮೇಲೆ. ಹಾಡು ನುಡಿಸುವ ಹಳೇ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿ ತಂದ ಈ ಹೊಸ ಪೆಟ್ಟಿಗೆಯಲ್ಲಿ ಅಪ್‌ಸ್ಯಾಂಪ್ಲಿಂಗ್ ಎಂಬ ಒಂದು ಸೆಟ್ಟಿಂಗು. ಹಾಡಿನ ಒಂದೊಂದು ಸೆಕೆಂಡನ್ನೂ ಇನ್ನೂ ಸಣ್ಣ ಸಣ್ಣ ಚೂರು ಮಾಡಿ ಕೊಡುತ್ತದಂತೆ. ಅದರಲ್ಲಿ ನಾಲ್ಕು ಹಂತ. ಯಾವುದು ಚೆನ್ನ ಅಂತ ಅಳೆಯಲು ಮನೆಯಲ್ಲಿ ಉಪಕರಣವಿಲ್ಲ. ಇನ್ಸ್‌ಪೆಕ್ಟರು ಎರಡು ದಿನ ತಲೆ ಕೆರೆದುಕೊಂಡು, ಮೂರನೇ ದಿನ ಅಡುಗೆಮನೆ ಬಾಗಿಲಿಗೆ ಬಂದು “ಬಾ, ಸ್ವಲ್ಪ ಕೂತು ಹೇಳು” ಎಂದರು. ಮೊದಲ ಸಂಜೆ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: “ಎಲ್ಲಾ ಒಂದೇ ಥರ ಇದೆಯಲ್ರೀ.” ಐದು ನಿಮಿಷಕ್ಕೆ ಮುಗಿಯಿತು. ಎರಡನೇ ಸಂಜೆ, ಯಾಕೋ ಬಾಯಿಗೆ ಬಂದಿತು: “ಪಿಟೀಲು ಸ್ವಲ್ಪ ಹಿಂದೆ ನಿಂತ ಹಾಗಿದೆ.” ಇನ್ಸ್‌ಪೆಕ್ಟರು ಸ್ಟೂಲು ಎಳೆದುಕೊಂಡು ಎದುರಿಗೇ ಕೂತರು.

“ಎಷ್ಟು ಹಿಂದೆ?”

“ಒಂದು ಮೊಳ ಇರಬಹುದು.”

ಅದನ್ನು ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಅವತ್ತು ಒಂದೂವರೆ ಗಂಟೆ ಕೂತಿದ್ದರು. ಆಮೇಲೆ ದಿನಾ ಹಾಗೆಯೇ. ತಂಗಿ ಫೋನಿನಲ್ಲಿ “ಅಕ್ಕಾ, ನಿಜ ಹೇಳು, ನಿಂಗೆ ಏನಾದ್ರೂ ವ್ಯತ್ಯಾಸ ಗೊತ್ತಾಗತ್ತಾ?” ಎಂದು ಕೆದಕಿದಾಗ, “ಎಳ್ಳಷ್ಟೂ ಇಲ್ಲ ಕಣೇ. ಆದ್ರೆ ನಾನು ಹೇಳೋವಾಗ ಅವರು ನನ್ನ ಮುಖಾನೇ ನೋಡ್ತಿರ್ತಾರೆ. ಇದು ಮುಗಿದುಹೋದ್ರೆ ಮತ್ತೆ ಅದೇ ಗೋಡೆ, ಅದೇ ಥರ್ಮಾಮೀಟರು” ಎಂದಿದ್ದಳು.

ಈಗ ಅಳೆಯಲೆಂದೇ ತರಿಸಿದ ಮೈಕು ಬಂದು ಅವಳ ಜಾಗದಲ್ಲಿ ಕೂತಿತ್ತು. ಅವಳು ಬಾಗಿಲಿಗೆ ಒರಗಿ ನಿಂತಳು. ಸ್ಪೀಕರಿನಿಂದ ಗೊಗ್ಗರು ದನಿಯೊಂದು ಎದ್ದು, ಏರುತ್ತಾ ಏರುತ್ತಾ ಸಿಳ್ಳೆಯಾಗಿ ನಿಂತಿತು. ಇನ್ಸ್‌ಪೆಕ್ಟರು ಹಂತ ಬದಲಿಸಿದರು. ಮತ್ತೆ ಸಿಳ್ಳೆ. ಹೀಗೆ ನಾಲ್ಕು ಸಲ. ಲ್ಯಾಪ್‌ಟಾಪಿನಲ್ಲಿ ಹಂತಕ್ಕೊಂದರಂತೆ ನಾಲ್ಕು ಬಣ್ಣದ ಗೆರೆ ಬರಬೇಕಿತ್ತು. ಬಂದವು, ಆದರೆ ಒಂದರ ಮೇಲೊಂದು ಕೂತು ಒಂದೇ ಗೆರೆಯಾಗಿದ್ದವು.

“ಇಲ್ಲಿ ಬಾ” ಎಂದರು. ಕಳ್ಳ ತೂಕದ ಅಂಗಡಿಯವರು ಇವರನ್ನು ಕಂಡಾಗ ಹೇಗೆ ನಿಲ್ಲುತ್ತಾರೋ, ಹಾಗೇ ಹೋಗಿ ನಿಂತಳು.

“ನಾಲ್ಕರಲ್ಲೂ ಒಂದೇ ಬರ್ತಿದೆ.”

“ಹೌದಾ.”

“ನೀನು ಮೂರನೇದ್ರಲ್ಲಿ ಪಿಟೀಲು ಒಂದು ಮೊಳ ಹಿಂದಿದೆ ಅಂದಿದ್ದೆ.”

“ಅಂದಿದ್ದೆ.”

ಅವರು ನೋಟ್‌ಬುಕ್ಕು ತೆಗೆದು ಒಂದೊಂದೇ ಹಾಳೆ ತಿರುವಿದರು. ತಾರೀಖು, ಹಂತ, ಎದುರಿಗೆ ಅವಳ ಮಾತು. “ಹಾಡೋರಿಗೆ ಸ್ವಲ್ಪ ನೆಗಡಿ ಇದ್ದ ಹಾಗಿದೆ.” “ಇವತ್ತು ಕೊಳಲು ಬೇಜಾರಿನಲ್ಲಿದೆ.” ಅಚ್ಚುಕಟ್ಟಾದ ಸರ್ಕಾರಿ ಅಕ್ಷರ, ಒಂದು ಪದವೂ ಬಿಟ್ಟಿರಲಿಲ್ಲ. ನೋಡಿ ಅವಳಿಗೆ ನಾಚಿಕೆಯಾಯಿತು, ಅಳುವೂ ಬಂತು. ಹೇಳಿಬಿಡೋಣ, ಆದದ್ದಾಗಲಿ ಎಂದು ಗಟ್ಟಿ ಮನಸ್ಸು ಮಾಡಿದಳು.

“ನೋಡಿ, ಅದು ಏನಂದ್ರೆ...”

“ಸ್ವಲ್ಪ ತಡಿ.”

ಇನ್ನೊಂದು ಸಲ ನಾಲ್ಕೂ ಹಂತ ಅಳೆದರು. ಮತ್ತದೇ ಒಂದು ಗೆರೆ. ಅವರು ಬಹಳ ಹೊತ್ತು ಆ ಗೆರೆಯನ್ನು ನೋಡಿದರು, ಆಮೇಲೆ ಅಷ್ಟೇ ಹೊತ್ತು ಹೆಂಡತಿಯನ್ನು ನೋಡಿದರು. ಮುಖದಲ್ಲಿ ಏನೂ ಗೊತ್ತಾಗಲಿಲ್ಲ; ಆ ಮುಖದಲ್ಲಿ ಯಾವತ್ತೂ ಏನೂ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಸ್ಕ್ರೂ ಸಡಿಲಿಸಿ, ಮೈಕು ಬಿಚ್ಚಿ, ಬಂದಿದ್ದ ಡಬ್ಬಿಗೇ ತುಂಬಿ, ವಾಪಸು ಕಳಿಸುವ ಚೀಟಿಯಲ್ಲಿ ಏನೋ ಬರೆದು ಅಂಟಿಸಿದರು. ಕುರ್ಚಿಯನ್ನು ಬಟ್ಟೆಯಲ್ಲಿ ಒರೆಸಿದರು.

“ಕೂತಿರು, ಕೈ ತೊಳ್ಕೊಂಡು ಬರ್ತೀನಿ” ಎಂದು ಒಳಗೆ ಹೋದರು.

ಅವಳು ಕೂರುವ ಮೊದಲು ಬಗ್ಗಿ ಡಬ್ಬಿ ನೋಡಿದಳು. ‘ವಾಪಸಿಗೆ ಕಾರಣ’ ಎಂಬಲ್ಲಿ, ಅದೇ ಅಚ್ಚುಕಟ್ಟಾದ ಅಕ್ಷರದಲ್ಲಿ ಬರೆದಿತ್ತು: “ನನ್ನ ಹೆಂಡತಿಗೆ ಕೇಳಿಸುವುದು ಈ ಮೈಕಿಗೆ ಕೇಳಿಸುವುದಿಲ್ಲ.”