ಅಂಟಿಕೊಂಡ ಹಾಳೆ

ಹೊಸ ನಿಘಂಟು ಆ ಪದಕ್ಕೆ ‘ಒಂದು ಹನಿ’ ಎನ್ನುತ್ತಿತ್ತು. ಅನುವಾದಕಿಯ ಬೆರಳು ಅಲ್ಲೇ ನಿಂತುಬಿಟ್ಟಿತು. ನಿಘಂಟು ಕೊಳ್ಳುವ ಮುಂಚೆ, ಈಚೆಗೆ ಅನುವಾದಿಸಿದ ಒಂದು ಪದವನ್ನು ಅದರಲ್ಲಿ ತೆಗೆದು ನೋಡುವುದು ಅವಳ ಪದ್ಧತಿ. ಇವತ್ತಿನದು ಮಕ್ಕಳ ಜ್ವರದ ಔಷಧಿಯ ಬಾಟಲಿಗೆ ಅಂಟಿಸುವ ಚೀಟಿಯಲ್ಲಿದ್ದ ಒಂದು ಅಪರೂಪದ ಅಳತೆ. ಅವಳು ಅದನ್ನು ‘ಒಂದು ಚಮಚ’ ಎಂದು ಬರೆದುಕೊಟ್ಟಿದ್ದಳು. ಔಷಧಿ ಮೊನ್ನೆಯೇ ಅಂಗಡಿಗಳಿಗೆ ಹೋಗಿತ್ತು.

ಚೀಲದಿಂದ ತನ್ನ ಹಳೆಯ ನಿಘಂಟನ್ನು ತೆಗೆದಳು. ಪುಟದ ಕೊನೆಯಲ್ಲಿ ಆ ಪದ, ಅರ್ಥ ಮುಂದಿನ ಪುಟಕ್ಕೆ ಹೋಗಿತ್ತು. ಹಾಳೆ ಮಗುಚಿದರೆ ಮೇಲುಗಡೆಯೇ ‘ಒಂದು ಚಮಚ’. ಸರಿಯಾಗೇ ಇದೆಯಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ಪುಸ್ತಕದಂಗಡಿಯ ಮುದುಕ ಹಾಳೆಯ ಅಂಚನ್ನು ಹಿಡಿದು ಉಜ್ಜಿ ನೋಡಿದ.

“ಇದು ಒಂದು ಹಾಳೆ ಅಲ್ಲಮ್ಮ. ಎರಡು ಅಂಟ್ಕೊಂಡಿವೆ.” ಉಗುರು ತೂರಿಸಿ ಮೆಲ್ಲಗೆ ಬಿಡಿಸಿದ. ಒಳಗೆ ಆ ಪದದ ನಿಜವಾದ ಅರ್ಥ ಅಚ್ಚಾಗಿತ್ತು: ಒಂದು ಹನಿ.

ಅವಳ ಬೆರಳು ತಾನಾಗಿಯೇ ತಂಗಿಯ ನಂಬರನ್ನು ಒತ್ತಿತು. ನಿನ್ನೆಯಿಂದ ತಂಗಿಯ ಕೂಸಿಗೆ ಜ್ವರ.

“ಅದೇ ಔಷಧಿ ಕೊಟ್ಟೆ ಅಕ್ಕಾ,” ತಂಗಿ ಪಿಸುಗುಟ್ಟಿದಳು. “ಒಂದು ಚಮಚ ಅಂದ್ರೆ ಜಾಸ್ತಿ ಆಯ್ತೇನೋ ಅಂದ್ರು ಅತ್ತೆ. ನಮ್ಮಕ್ಕ ಬರೆದಿದ್ದು ತಪ್ಪಿರಲ್ಲ ಅಂದೆ. ಎಷ್ಟು ಚೆನ್ನಾಗಿ ನಿದ್ದೆ ಹತ್ತಿದೆ ಗೊತ್ತಾ, ಹಾಲಿಗೆ ಎಬ್ಬಿಸಿದ್ರೂ ಏಳ್ತಿಲ್ಲ.”